ಕಾಡಿನ ಅಳಂಬೆ ಮತ್ತು ಹೋಟೆಲಿನ ಅಡುಗೆಮನೆ



ಮಳೆಗಾಲ ಹಿಡಿಯಿತೆಂದರೆ ಮುಂಬಯಿಯ ನಮ್ಮ ಕೇಟರಿಂಗ್ ಮಿತ್ರರಿಗೆ ಒಂದು ಹೊಸ ಬಗೆಯ ಆರ್ಡರು ಶುರುವಾಗುತ್ತದೆ. ಆಟಿ ತಿಂಗಳಲ್ಲಿ ಒಂದು ದಿನ ಊರಿನವರೆಲ್ಲ ಸೇರಿ ಊರಿನ ಊಟ ಮಾಡುವ ಪದ್ಧತಿ ಈಗ ಚೆನ್ನಾಗಿ ಬೇರೂರಿದೆ. ಪತ್ರೊಡೆ, ಕಣಿಲೆ ಪಲ್ಯ, ತಜಂಕ್ ವಡೆ, ತಿಮರೆ ಚಟ್ನಿ, ಹಲಸಿನ ಬೀಜದ ಸಾರು ಎಲ್ಲವನ್ನೂ ನಾವು ಹೇಗಾದರೂ ಹೊಂದಿಸಿ ಕೊಡುತ್ತೇವೆ. ಪಟ್ಟಿಯ ಕೊನೆಗೆ ಒಂದು ಪ್ರಶ್ನೆ ಬರುತ್ತದೆ: "ಲಾಂಬು ಸಿಗುತ್ತದಾ? ಪೇಟೆಯದ್ದಲ್ಲ, ಊರಿನ ಕಾಡಿನದ್ದು."

ಕೇಳುವವರ ಆಸೆ ತಪ್ಪಲ್ಲ. ಬಾಲ್ಯದಲ್ಲಿ ತಿಂದ ರುಚಿ ಯಾರನ್ನೂ ಬಿಡುವುದಿಲ್ಲ. ಆದರೆ ಆರ್ಡರು ಬರೆದುಕೊಳ್ಳುವ ಮೊದಲು ನಮ್ಮ ಕಸುಬಿನವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಈ ಪಾಠದಲ್ಲಿ ಮೂರು ವಿಷಯ ಹೇಳುತ್ತೇವೆ. ಊರಿನಲ್ಲಿ ಅಳಂಬೆ ಹುಡುಕುವವರು ಏನನ್ನು ನೋಡುತ್ತಾರೆ, ಅಲ್ಲಿ ಸರಿಯಾದದ್ದು ಇಲ್ಲಿ ಏಕೆ ಸರಿಯಾಗುವುದಿಲ್ಲ, ಹಾಗಾದರೆ ಗಿರಾಕಿಗೆ ನಾವು ಏನು ಕೊಡಬಹುದು. ನಾವು ಹತ್ತನೇ ತರಗತಿಯವರೆಗೆ ಓದಿದವರು. ವಿಜ್ಞಾನದ ಮಾತನ್ನು ಅಡುಗೆಮನೆಗೆ ಬೇಕಾದಷ್ಟೇ ಹೇಳುತ್ತೇವೆ.

ಹುತ್ತದ ಅಳಂಬೆ

ಕನ್ನಡದಲ್ಲಿ ಅಣಬೆ, ಅಳಂಬೆ, ತುಳುವಿನಲ್ಲಿ ಲಾಂಬು, ಕೊಂಕಣಿಯಲ್ಲಿ ಅಳಮಿ, ಮರಾಠಿಯಲ್ಲಿ ಅಳಂಬಿ. ಕರಾವಳಿಯ ಜನ ಬಹಳ ಇಷ್ಟಪಡುವುದು ಹುತ್ತದ ಜಾಗದಲ್ಲಿ ಏಳುವ ಅಳಂಬೆಯನ್ನು. ಗೋವಾದ ಮಾರ್ಕೆಟಿನಲ್ಲಿ ಮಳೆಗಾಲದಲ್ಲಿ ಎಲೆಯಲ್ಲಿ ಕಟ್ಟಿ ದುಬಾರಿ ಬೆಲೆಗೆ ಮಾರುವುದೂ ಇದೇ ಬಳಗದ್ದು. ಶಾಸ್ತ್ರದಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಫ್ರಾನ್ಸಿನ ವಿಜ್ಞಾನಿ ರೋಜೆ ಹೈಮ್ ಅವರು 1942ರಲ್ಲಿ ಕೊಟ್ಟ ಹೆಸರು ಇದು.

ಇದರ ಕಥೆ ಬಹಳ ಸ್ವಾರಸ್ಯವಾಗಿದೆ. ಗೆದ್ದಲು ಒಣ ಕಟ್ಟಿಗೆ, ತರಗೆಲೆ ತಿಂದು ಬಂದು ಹುತ್ತದೊಳಗೆ ಸ್ಪಂಜಿನ ಹಾಗಿರುವ ಒಂದು ಗೂಡು ಕಟ್ಟುತ್ತದೆ. ಆ ಗೂಡಿನ ಮೇಲೆ ಬೂಸ್ಟಿನಂತೆ ಅಳಂಬೆಯ ಬೆಳೆ ತೆಗೆಯುತ್ತದೆ. ಗೆದ್ದಲಿಗೆ ಜೀರ್ಣವಾಗದ ಕಟ್ಟಿಗೆಯನ್ನು ಈ ಬೂಸ್ಟು ಮೆದು ಮಾಡಿಕೊಡುತ್ತದೆ. ಗೆದ್ದಲು ಅದನ್ನು ತಿಂದು ಬದುಕುತ್ತದೆ. ನಾವು ಇಡ್ಲಿ ಹಿಟ್ಟನ್ನು ಹುಳಿ ಬರಿಸಿ ತಿನ್ನುವ ಹಾಗೆಯೇ ಎನ್ನಿ. ಮಳೆ ಬಿದ್ದು ನೆಲ ತಣಿದಾಗ ಅದೇ ಬೆಳೆ ನೆಲ ಸೀಳಿಕೊಂಡು ಮೇಲೆ ಬಂದು ಕೊಡೆ ಬಿಡಿಸುತ್ತದೆ. ಗುಡುಗು ಬಂದರೆ ಅಳಂಬೆ ಏಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಗುಡುಗಿನ ಜೊತೆಗೆ ಬರುವ ಮಳೆ, ಬಿಸಿಯಾಗಿದ್ದ ಮಣ್ಣಿಗೆ ಸಿಗುವ ತಂಪು, ಇವೇ ಅದಕ್ಕೆ ಬೇಕಾದದ್ದು.

ಗೆದ್ದಲಿಲ್ಲದೆ ಈ ಅಳಂಬೆ ಬೆಳೆಯುವುದಿಲ್ಲವಾದ್ದರಿಂದ ಬಟನ್ ಅಣಬೆಯ ಹಾಗೆ ಶೆಡ್ಡಿನಲ್ಲಿ ಇದನ್ನು ವ್ಯಾಪಾರಕ್ಕೆ ಬೆಳೆಸಲು ಆಗಿಲ್ಲ. ಯಾರಾದರೂ "ಫಾರ್ಮಿನಲ್ಲಿ ಬೆಳೆದ ಹುತ್ತದ ಅಳಂಬೆ" ಎಂದು ಮಾರಲು ಬಂದರೆ ಆ ಮಾತನ್ನು ನಂಬಬೇಡಿ.

ಹುಡುಕುವವರ ಕಣ್ಣು

ಊರಿನಲ್ಲಿ ಅಳಂಬೆಗೆ ಹೋಗುವ ಹೆಂಗಸರನ್ನು, ಮಕ್ಕಳನ್ನು ಗಮನಿಸಿದರೆ ಅವರು ಮೊದಲು ನೋಡುವುದು ಅಳಂಬೆಯನ್ನಲ್ಲ, ಜಾಗವನ್ನು. ಹೋದ ವರ್ಷ ಎದ್ದ ಹುತ್ತದ ಬದಿಯಲ್ಲೇ, ಹೆಚ್ಚು ಕಡಿಮೆ ಅದೇ ನಕ್ಷತ್ರದ ಮಳೆಯಲ್ಲಿ ಈ ವರ್ಷವೂ ಏಳುತ್ತದೆ. ಆ ಜಾಗವನ್ನು ಅಣ್ಣತಮ್ಮಂದಿರಿಗೂ ಹೇಳದೆ ಗುಟ್ಟಾಗಿಡುವ ಮನೆಗಳಿವೆ. ಬೆಳಕು ಹರಿಯುವ ಮುಂಚೆ ಹೋಗುತ್ತಾರೆ, ಏಕೆಂದರೆ ಬಿಸಿಲೇರಿದರೆ ಕೊಡೆ ಪೂರ್ತಿ ಬಿಡಿಸಿ ಹುಳ ಬೀಳುತ್ತದೆ. ಉಪ್ಪಳಿಗೆ ಎಲೆಯಲ್ಲೋ ಬುಟ್ಟಿಯಲ್ಲೋ ತರುತ್ತಾರೆ. ಅವರು ಬಾಯಲ್ಲಿ ವಿವರಿಸದಿದ್ದರೂ ಕಣ್ಣಲ್ಲಿ ನೋಡುವ ಗುರುತುಗಳು ಇವು:

1. ಕಾಲು ನೆಲದೊಳಗೆ ಬೇರಿನಂತೆ ಸಪೂರವಾಗಿ ಆಳಕ್ಕೆ ಇಳಿದಿರುತ್ತದೆ. ಅದು ಗೆದ್ದಲಿನ ಗೂಡಿಗೆ ಸೇರಿರುತ್ತದೆ. ಕಾಲಿನ ಬುಡದಲ್ಲಿ ಚೀಲವಾಗಲೀ ಬಟ್ಟಲಾಗಲೀ ಇರುವುದಿಲ್ಲ.

2. ಕೊಡೆಯ ನೆತ್ತಿಯಲ್ಲಿ ಗಟ್ಟಿಯಾದ ಮೊನೆ ಇರುತ್ತದೆ. ನೆಲ ಸೀಳಿಕೊಂಡು ಬರಲು ಇದೇ ಅದರ ಆಯುಧ.

3. ಕೊಡೆಯ ಅಡಿಯ ಪದರಗಳು ಮೊದಲು ಬಿಳಿ, ಆಮೇಲೆ ತುಸು ಗುಲಾಬಿ. ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ ರಾತ್ರಿ ಇಟ್ಟರೆ ಬೆಳಗ್ಗೆ ಬೀಳುವ ಪುಡಿಯೂ ತಿಳಿ ಗುಲಾಬಿ ಬಣ್ಣದ್ದು.

4. ಸುತ್ತಲೂ ಅದೇ ಜಾತಿಯವು ಹಲವು ಇರುತ್ತವೆ, ಅಡಿಯಲ್ಲಿ ಗೆದ್ದಲು ಇರುತ್ತದೆ.

ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಮಾತ್ರ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ನಾಲ್ಕೂ ಕೂಡಿ ಬರಬೇಕು. ತಿಳಿದವರು ಹುತ್ತವನ್ನು ಅಗೆಯುವುದಿಲ್ಲ, ಒಳಗಿನ ಗೂಡು ಹಾಳಾದರೆ ಮುಂದಿನ ವರ್ಷ ಅಲ್ಲಿ ಏನೂ ಏಳುವುದಿಲ್ಲ.

ಎರಡನೆಯದು ಕಲ್ಲಣಬೆ, ತುಳುವಿನಲ್ಲಿ ಕಲ್ಲಲಾಂಬು. ಇದಕ್ಕೆ ಕೊಡೆಯೂ ಇಲ್ಲ, ಕಾಲೂ ಇಲ್ಲ. ಮೊದಲ ಮಳೆಗಳ ಹೊತ್ತಿಗೆ ಮುರಕಲ್ಲಿನ ಗಟ್ಟಿ ನೆಲದಲ್ಲಿ, ಬೋಗಿ ಮುಂತಾದ ಮರಗಳ ಬುಡದಲ್ಲಿ ನೆಲ್ಲಿಕಾಯಿಯಂತೆ ಉರುಟಾಗಿ ಅರ್ಧ ಹುದುಗಿರುತ್ತದೆ. ಕೋಲಿನಿಂದ ತರಗೆಲೆ ಕೆದಕಿ ಹುಡುಕಬೇಕು. ಶಾಸ್ತ್ರದಲ್ಲಿ ಇದು ಆಸ್ಟ್ರೇಯಸ್. ಜಾರ್ಖಂಡದವರು ರುಗ್ಡಾ ಎಂದು ಕರೆದು ಪ್ರಾಣ ಬಿಡುವುದೂ ಇದೇ ಬಗೆಯದ್ದಕ್ಕೆ. ಇದು ಮರದ ಬೇರಿನೊಡನೆ ಕೊಡು ಕೊಳ್ಳು ಮಾಡಿ ಬದುಕುತ್ತದೆ, ಆದ್ದರಿಂದ ಮರ ಕಡಿದರೆ ಕಲ್ಲಣಬೆಯೂ ಹೋಯಿತು. ಮುರಕಲ್ಲಿನ ಕೋರೆ ಎದ್ದ ಕಡೆ, ಕಾಡು ಕಡಿದು ರಬ್ಬರ್ ಹಾಕಿದ ಕಡೆ ಇದನ್ನು ಹುಡುಕಿ ಪ್ರಯೋಜನವಿಲ್ಲ. ಊರಿನ ಸಂತೆಯಲ್ಲಿ ಇದು ಕೋಳಿ ಮಾಂಸಕ್ಕಿಂತ ದುಬಾರಿಯಾಗಲು ಇದೂ ಒಂದು ಕಾರಣ.

ಕಲ್ಲಣಬೆಯನ್ನು ಊರಿನವರು ಒಂದೊಂದನ್ನೂ ಎರಡು ಹೋಳು ಮಾಡಿ ನೋಡುತ್ತಾರೆ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಅಡುಗೆಗೆ. ಕಪ್ಪಾಗಿದ್ದರೆ ಎಸೆಯುವುದು. ಈ ಹೋಳು ಮಾಡುವ ಕ್ರಮ ಬರೀ ಬಲಿತದ್ದನ್ನು ಬೇರೆ ಮಾಡಲು ಅಲ್ಲ, ಇದರಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ. ಕಲ್ಲಣಬೆಯಂತೆಯೇ ಉರುಟಾಗಿ, ದಪ್ಪ ಸಿಪ್ಪೆಯಿರುವ ಇನ್ನೊಂದು ಜಾತಿ ಇದೆ, ಅದರ ಒಳಗೆ ಬೇಗನೆ ನೇರಳೆ ಕಪ್ಪು ಬಣ್ಣ ಬರುತ್ತದೆ. ತಿಂದರೆ ವಾಂತಿ. ಇನ್ನೂ ಭಯಂಕರವಾದದ್ದು ಅಮನಿಟಾ ಜಾತಿಯ ವಿಷದ ಅಣಬೆಗಳ ಎಳೆಯ ರೂಪ. ಅದು ನೆಲದಲ್ಲಿ ಮೊಟ್ಟೆಯಂತೆ ಇರುತ್ತದೆ. ಉದ್ದಕ್ಕೆ ಸೀಳಿದರೆ ಒಳಗೆ ಪುಟ್ಟ ಕೊಡೆ, ಪುಟ್ಟ ಕಾಲು ಗೆರೆ ಬರೆದಂತೆ ಕಾಣುತ್ತದೆ. ಕಲ್ಲಣಬೆಯಲ್ಲಿ ಅಂಥ ಚಿತ್ರ ಇರುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಅಣಬೆಯ ವಿಷದಲ್ಲಿ ಎಲ್ಲವೂ ಒಂದೇ ಅಲ್ಲ. ನಾವು ತಿಳಿದಿರಬೇಕಾದದ್ದು ಮುಖ್ಯವಾಗಿ ಮೂರು.

ಮೊದಲನೆಯದು ಹುಲ್ಲುಹಾಸಿನ ಬಿಳಿ ಅಣಬೆ. ಸೊಸೈಟಿ ಗಾರ್ಡನ್, ಮೈದಾನಗಳಲ್ಲಿ ಮಳೆಗಾಲದಲ್ಲಿ ದೊಡ್ಡ ಬಿಳಿ ಕೊಡೆ, ಕಾಲಿಗೊಂದು ಬಳೆ ಇರುವ ಅಣಬೆ ಏಳುತ್ತದೆ. ನೋಡಲು ತುಂಬ ಚೆಂದ. ಬಲಿತಾಗ ಕೊಡೆಯ ಅಡಿಯ ಪದರ ಹಸಿರು ಛಾಯೆಗೆ ತಿರುಗುತ್ತದೆ. ಇದರ ಹೆಸರು ಕ್ಲೋರೋಫಿಲಮ್. ಬಿಸಿ ದೇಶಗಳಲ್ಲಿ ಜನ ತಿಂದು ಆಸ್ಪತ್ರೆ ಸೇರುವುದು ಹೆಚ್ಚಾಗಿ ಇದರಿಂದ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಶುರು. ಪ್ರಾಣ ಹೋಗುವುದು ಅಪರೂಪವಾದರೂ ನೂರು ಜನರ ಪಂಕ್ತಿಯಲ್ಲಿ ಹೀಗಾದರೆ ಏನು ಗತಿ ಎಂದು ಯೋಚಿಸಿ.

ಎರಡನೆಯದು, ನಮ್ಮ ಪರ್ಮಿಟ್ ರೂಮ್ ಇರುವ ಮಿತ್ರರಿಗೆ. ಬಲಿತಾಗ ಮಸಿಯಂತೆ ಕರಗುವ ಕೆಲವು ಅಣಬೆಗಳಿವೆ. ಬರಿದೇ ತಿಂದರೆ ಏನೂ ಆಗದು. ಅದನ್ನು ತಿಂದು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ. ಒಂದೆರಡು ದಿನ ಬಿಟ್ಟು ಕುಡಿದರೂ ಹೀಗಾಗಬಹುದು.

ಮೂರನೆಯದೇ ಮೃತ್ಯು. ಅಮನಿಟಾ ಬಳಗದ ಕೆಲವು ಅಣಬೆಗಳಲ್ಲಿ ಅಮಟಾಕ್ಸಿನ್ ಎಂಬ ವಿಷವಿದೆ. ಇದು ಬೇಯಿಸಿದರೆ ಹೋಗುವುದಿಲ್ಲ, ಒಣಗಿಸಿದರೆ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ರುಚಿಯಲ್ಲಿ ಗೊತ್ತಾಗುವುದಿಲ್ಲ, ತಿಂದು ಬದುಕಿದವರು ರುಚಿಯಾಗಿತ್ತು ಎಂದೇ ಹೇಳಿದ್ದಾರೆ. ಈ ಬಳಗದ ಅತ್ಯಂತ ಕುಖ್ಯಾತ ಜಾತಿಯ ಒಂದೇ ಒಂದು ಅಣಬೆ ದೊಡ್ಡವರ ಪ್ರಾಣಕ್ಕೂ ಸಾಕು. ಇದರ ಮೋಸ ಇರುವುದು ಹೊತ್ತಿನಲ್ಲಿ. ತಿಂದ 6 ಗಂಟೆಯವರೆಗೆ, ಕೆಲವೊಮ್ಮೆ 12 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಜೋರು ವಾಂತಿ, ಭೇದಿ. ಒಂದು ದಿನ ಕಳೆದು ಕಡಿಮೆಯಾದಂತೆ ತೋರುತ್ತದೆ, ಗುಣವಾಯಿತೆಂದು ಮನೆಗೆ ಹೋಗುವವರಿದ್ದಾರೆ. ಅದೇ ಹೊತ್ತಿನಲ್ಲಿ ಒಳಗೆ ಪಿತ್ತಜನಕಾಂಗ ನಾಶವಾಗುತ್ತಿರುತ್ತದೆ. ಮೂರನೆಯ, ನಾಲ್ಕನೆಯ ದಿನಕ್ಕೆ ಕಾಮಾಲೆ, ರಕ್ತಸ್ರಾವ, ಪ್ರಜ್ಞೆ ತಪ್ಪುವುದು. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ತೀರಿಕೊಂಡರು, ಹೆಚ್ಚಿನವರು ಚಹಾ ತೋಟದ ಕೆಲಸದವರ ಮನೆಯವರು.

ನಮ್ಮ ಕರಾವಳಿಯಲ್ಲೂ ಅಮನಿಟಾ ಬಳಗದ ಕೆಲವನ್ನು ಎಳೆಯದಿದ್ದಾಗ ತಿನ್ನುವ ಮನೆಗಳಿವೆ, ಅವರಿಗೆ ಅದರ ಗುರುತು ಗೊತ್ತು. ಹೋಟೆಲಿನವರು ಆ ಬಳಗದ ಹತ್ತಿರವೂ ಹೋಗಬಾರದು.

ನಂಬಬಾರದ ಪರೀಕ್ಷೆಗಳು

ಅಡುಗೆಮನೆಯಲ್ಲಿ ಕೇಳಿಬರುವ ಈ ಮಾತುಗಳಲ್ಲಿ ಒಂದೂ ನಿಜವಲ್ಲ.

ಬೆಳ್ಳಿ ಚಮಚ ಕಪ್ಪಾದರೆ ಮಾತ್ರ ವಿಷ ಎನ್ನುತ್ತಾರೆ. ಅಮಟಾಕ್ಸಿನ್ ಇರುವ ಅಣಬೆಯಲ್ಲಿ ಬೆಳ್ಳಿ ಕಪ್ಪಾಗುವುದಿಲ್ಲ. ಬೆಳ್ಳುಳ್ಳಿ ಅಥವಾ ಅಕ್ಕಿ ಹಾಕಿ ಬಣ್ಣ ನೋಡು ಎನ್ನುತ್ತಾರೆ. ಅದರಿಂದಲೂ ಏನೂ ತಿಳಿಯದು. ಹುಳ ಬಿದ್ದಿದ್ದರೆ, ದನ ತಿಂದಿದ್ದರೆ ಒಳ್ಳೆಯದು ಎನ್ನುತ್ತಾರೆ. ಬಸವನಹುಳಕ್ಕೆ ತಾಗದ ವಿಷ ಮನುಷ್ಯರನ್ನು ಕೊಲ್ಲಬಹುದು. ಬಣ್ಣ ಬಣ್ಣದ್ದು ಮಾತ್ರ ವಿಷ, ಬಿಳಿಯದು ಒಳ್ಳೆಯದು ಎನ್ನುತ್ತಾರೆ. ಅತ್ಯಂತ ಕೆಟ್ಟ ಅಣಬೆಗಳಲ್ಲಿ ಹಲವು ಅಚ್ಚ ಬಿಳಿ. ಅರಿಸಿನ, ಹುಣಸೆಹುಳಿ ಹಾಕಿ ಕುದಿಸಿದರೆ ವಿಷ ಇಳಿಯುತ್ತದೆ ಎನ್ನುತ್ತಾರೆ. ಇಳಿಯುವುದಿಲ್ಲ.

ಇರುವುದು ಒಂದೇ ಪರೀಕ್ಷೆ. ಆ ಅಣಬೆ ಯಾವುದು ಎಂದು, ಅದು ಎದ್ದ ಜಾಗದ ಸಮೇತ ಬಲ್ಲ ಮನುಷ್ಯ, ಇಡೀ ಅಣಬೆಯನ್ನು ಬುಡ ಸಮೇತ ನೋಡಿ ಹೇಳಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಕ್ಯಾನ್‌ಬೆರಾದ ಅಡುಗೆಮನೆ

ಬಲ್ಲವರೇ ಅಡುಗೆಮನೆಯಲ್ಲಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಅದಕ್ಕೆ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಪ್ರಸಂಗ ಹೇಳಬೇಕು. 2011ರ ಡಿಸೆಂಬರ್ 31ರ ರಾತ್ರಿ, ರಾಜಧಾನಿ ಕ್ಯಾನ್‌ಬೆರಾದ ಒಂದು ರೆಸ್ಟೋರೆಂಟಿನಲ್ಲಿ ಕೆಲಸ ಮುಗಿದ ಮೇಲೆ ಅಲ್ಲಿನ ಚೀನೀ ಅಡುಗೆಯವನು ತನ್ನ ಜೊತೆಯವರಿಗೆ ಹೊಸ ವರ್ಷದ ಊಟ ಮಾಡಿದ. ಹತ್ತಿರದಲ್ಲಿ ಆರಿಸಿ ತಂದ ಅಣಬೆಯನ್ನು ಅದಕ್ಕೆ ಹಾಕಿದ. ತನ್ನ ದೇಶದಲ್ಲಿ ಹುಲ್ಲಿನ ಮೇಲೆ ಬೆಳೆಸುವ ಅಣಬೆ ಇದೇ ಎಂದುಕೊಂಡಿದ್ದ. ಅದು ಅಮನಿಟಾ ಬಳಗದ ಮೃತ್ಯು ಅಣಬೆ. ಅಡುಗೆಯವನೂ, ಜೊತೆಗೆ ಉಂಡ ಒಬ್ಬ ಹೆಣ್ಣುಮಗಳೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೊಬ್ಬ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ.

ಅವನು ಅಡುಗೆ ಗೊತ್ತಿಲ್ಲದವನಲ್ಲ, ಕಸುಬಿನವನೇ. ಅಣಬೆಯೂ ಗೊತ್ತಿತ್ತು, ಆದರೆ ತನ್ನ ಊರಿನದ್ದು. ಊರು ಬದಲಾದಾಗ ಕಣ್ಣು ಮೋಸ ಮಾಡಿತು. ಅಣಬೆಯ ಜ್ಞಾನ ಹೊಟ್ಟೆಪಾಡಿಗೆ ಊರು ಬಿಟ್ಟವನ ಜೊತೆ ರೈಲು ಹತ್ತಿ ಬರುವುದಿಲ್ಲ.

ಈಗ ನಮ್ಮ ಹೋಟೆಲ್ ಹುಡುಗರನ್ನು ನೆನೆಯಿರಿ. ಹಿಂದೆ ಎಲ್ಲರೂ ನಮ್ಮ ಊರಿನವರೇ ಇದ್ದರು. ಈಗ ಜಾರ್ಖಂಡ, ಒಡಿಶಾ, ಅಸ್ಸಾಂ, ನೇಪಾಳದಿಂದ ಬಂದವರು ಹೆಚ್ಚು. ಅಣಬೆ ತಿಂದು ಬೆಳೆದ ಮಕ್ಕಳು. ರಜೆಯ ದಿನ ಗುಡ್ಡದ ಕಡೆ ಸುತ್ತಾಡಿ ಚೀಲ ತುಂಬ ಆರಿಸಿ ತಂದು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನಮ್ಮದೇ ಒಲೆಯಲ್ಲಿ ತಮಗಾಗಿ ಬೇಯಿಸಿಕೊಂಡರೆ ನಮಗೆ ಗೊತ್ತಾಗುವುದು ಮರುದಿನ. ಗಿರಾಕಿಯ ತಟ್ಟೆಯಷ್ಟೇ ಹುಡುಗರ ತಟ್ಟೆಯೂ ನಮ್ಮ ಹೊಣೆ. ದೂರದ ಊರಲ್ಲಿ ಅವರ ತಾಯಿ ತಂದೆಗೆ ಫೋನ್ ಮಾಡಿ ಸುದ್ದಿ ಹೇಳಬೇಕಾದವರು ನಾವೇ.

ಊರಿಗೂ ಮುಂಬಯಿಗೂ ನಡುವೆ

ಊರಿನಲ್ಲಿ ಅಳಂಬೆ ಕಿತ್ತವಳೇ ತೊಳೆಯುತ್ತಾಳೆ, ಹೆಚ್ಚುತ್ತಾಳೆ, ಬೇಯಿಸುತ್ತಾಳೆ, ತನ್ನ ಮಕ್ಕಳಿಗೆ ಬಡಿಸಿ ತಾನೂ ತಿನ್ನುತ್ತಾಳೆ. ಒಂದೇ ಕೈಯಲ್ಲಿ ಎಲ್ಲವೂ ನಡೆಯುವುದರಿಂದ ಆ ಅಡುಗೆ ಸುರಕ್ಷಿತ. ನಮ್ಮಲ್ಲಿಗೆ ಬರುವಾಗ ಕಿತ್ತವರು ಒಬ್ಬರು, ಸಂತೆಯಲ್ಲಿ ಕೊಂಡವರು ಇನ್ನೊಬ್ಬರು, ಬಸ್ಸಿಗೆ ಹಾಕಿದವರು ಮತ್ತೊಬ್ಬರು, ಇಲ್ಲಿ ಬಿಡಿಸಿದವರು ಮಗದೊಬ್ಬರು. ಐದು ಜನರ ಬುಟ್ಟಿ ಒಂದೇ ಚೀಲಕ್ಕೆ ಬಿದ್ದಿರುತ್ತದೆ. ಒಬ್ಬ ಹುಡುಗ ಗೊತ್ತಿಲ್ಲದೆ ಹಾಕಿದ ಒಂದು ಅಣಬೆ ಇಡೀ ಪಾತ್ರೆಯನ್ನು ಕೆಡಿಸಬಹುದು.

ಹೊತ್ತಿನ ಪ್ರಶ್ನೆಯೂ ಇದೆ. ಮಂಗಳೂರು, ಉಡುಪಿಯಿಂದ ರೈಲಾಗಲೀ ಬಸ್ಸಾಗಲೀ ಮುಂಬಯಿಗೆ ರಾತ್ರಿಯಿಡೀ ಬೇಕು. ಬೆಳಗ್ಗೆ ಕಿತ್ತದ್ದು ಇಲ್ಲಿ ಒಲೆಗೆ ಏರುವಾಗ ಒಂದು ದಿನ ದಾಟಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ, ಕರಗಿ, ವಾಸನೆ ಬಂದಿರುತ್ತದೆ. ಒಳ್ಳೆಯ ಜಾತಿಯ ಅಳಂಬೆಯೂ ಹಳಸಿದರೆ ಹೊಟ್ಟೆ ಕೆಡಿಸುತ್ತದೆ. ಕೆಡದಿರಲಿ ಎಂದು ಊರಿನಲ್ಲೇ ಹೆಚ್ಚಿ ಉಪ್ಪು ಅರಿಸಿನ ಹಾಕಿ ಕಳಿಸುತ್ತಾರೆ. ಹೆಚ್ಚಿದ ಮೇಲೆ ಬುಡವೂ ಇಲ್ಲ, ಮೊನೆಯೂ ಇಲ್ಲ. ಗುರುತು ಹಿಡಿಯುವ ಒಂದೇ ದಾರಿ ಅಲ್ಲಿಗೆ ಮುಚ್ಚಿತು.

ಕೆಲವು ವರ್ಷದ ಹಿಂದೆ 250 ಜನರ ಆಟಿ ಊಟಕ್ಕೆ ನಮಗೆ ಆರ್ಡರು ಇತ್ತು. ಮುಖ್ಯಸ್ಥರೊಬ್ಬರು ಊರಿನಿಂದ ತರಿಸಿದ ಎಂಟು ಕಿಲೋ ಅಳಂಬೆಯನ್ನು ಹೆಚ್ಚಿದ ಸ್ಥಿತಿಯಲ್ಲಿ ತಂದು ಒಪ್ಪಿಸಿದರು. "ನಮ್ಮ ಸ್ವಂತ ಜನ ಕಳಿಸಿದ್ದು, ಯಾವ ಭಯವೂ ಇಲ್ಲ" ಎಂದರು. ನಾವು ಕೈಮುಗಿದು, "ಅಣ್ಣಾ, ಇದನ್ನು ನಿಮ್ಮ ಮನೆಗೆ ಒಯ್ಯುವುದೂ ಬೇಡ, ನಮ್ಮ ಪಾತ್ರೆಗೂ ಬೇಡ" ಎಂದೆವು. ಅವರಿಗೆ ಸಿಟ್ಟು ಬಂತು. ಅಂದಿನ ಊಟ ಚೆನ್ನಾಗಿಯೇ ಆಯಿತು, ಆದರೆ ಮರುವರ್ಷದ ಆರ್ಡರು ಬೇರೆಯವರಿಗೆ ಹೋಯಿತು. ಹೋಗಲಿ. ಆ ಅಳಂಬೆ ಒಳ್ಳೆಯದೇ ಇದ್ದಿರಬಹುದು. ಒಳ್ಳೆಯದು ಎಂದು ಹೇಳುವ ದಾರಿ ನಮಗೆ ಇರಲಿಲ್ಲ, ಅಷ್ಟೇ. ಒಂದು ಆರ್ಡರಿನ ಲಾಭವನ್ನು 250 ಜನರ ಪ್ರಾಣದ ಜೊತೆ ತೂಗಲು ತಕ್ಕಡಿ ಎಲ್ಲಿಂದ ತರುವುದು?

ಕಾನೂನು ಏನು ಹೇಳುತ್ತದೆ

ಆಹಾರ ಸುರಕ್ಷತಾ ಕಾಯ್ದೆ 2006ರದ್ದು, 2011ರಿಂದ ಜಾರಿಯಲ್ಲಿದೆ. ನಮ್ಮ ಲೈಸೆನ್ಸ್ ಇದರ ಕೆಳಗೇ ಬರುತ್ತದೆ. ಸುರಕ್ಷಿತವಲ್ಲದ ಆಹಾರ ಮಾರಿ ಅದರಿಂದ ಸಾವು ಸಂಭವಿಸಿದರೆ 59ನೇ ಕಲಮಿನಂತೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಜೈಲು, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. 65ನೇ ಕಲಮಿನಂತೆ ತೀರಿಕೊಂಡವರ ಮನೆಯವರಿಗೆ 5 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. "ಗಿರಾಕಿಯೇ ತಂದು ಕೊಟ್ಟಿದ್ದು" ಎಂಬ ಮಾತನ್ನು ನೆಚ್ಚಿಕೊಂಡು ಕೂರಬೇಡಿ. ಬೇಯಿಸಿ ಬಡಿಸಿದವರು ನಾವು.

ಇನ್ನೊಂದು ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿಂದ ಅಪ್ಪಣೆಯಿಲ್ಲದೆ ಕಾಡುತ್ಪನ್ನ ತರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೂ ನಿಯಮಗಳಿವೆ. ಮುಂಬಯಿಯ ರಾಷ್ಟ್ರೀಯ ಉದ್ಯಾನಕ್ಕೆ ಅಣಬೆಗೆಂದು ಹೋಗುವ ಹುಡುಗರಿಗೆ ಇದನ್ನೂ ತಿಳಿಸಿ ಹೇಳಿ.

ಹಾಗಾದರೆ ಏನು ಬಡಿಸುವುದು?

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬೇಕಾಗಿಲ್ಲ. ನಮ್ಮ ಅನುಭವದಲ್ಲಿ ಊರಿನ ಅಡುಗೆಗೆ ಬಟನ್ ಅಣಬೆಗಿಂತ ಹಾಲು ಅಣಬೆ ಚೆನ್ನಾಗಿ ಹೊಂದುತ್ತದೆ. ಇದು ನಮ್ಮ ದೇಶದ್ದೇ. 1974ರಲ್ಲಿ ಪಶ್ಚಿಮ ಬಂಗಾಳದಲ್ಲಿ ಗುರುತಿಸಿ ಹೆಸರಿಟ್ಟದ್ದು. ಆಮೇಲೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಬೆಳೆಸುವ ಕ್ರಮವನ್ನು ರೈತರಿಗೆ ಮುಟ್ಟಿಸಿದರು. 30ರಿಂದ 35 ಡಿಗ್ರಿ ಬಿಸಿಯಲ್ಲೂ ಬೆಳೆಯುವುದರಿಂದ ಏಸಿ ಶೆಡ್ಡು ಬೇಡ. ಕಾಲು ದಪ್ಪ, ಕಚ್ಚಿದರೆ ನಾರುನಾರಾಗಿ ಹಲ್ಲಿಗೆ ಸಿಗುತ್ತದೆ, ಬೇಯಿಸಿದರೆ ಕುಗ್ಗುವುದು ಕಡಿಮೆ. ಬೆಳೆಗಾರರಿಂದ ಬಿಲ್ಲಿನ ಮೇಲೆ ಕೊಳ್ಳಿ. ಸ್ವತಃ ಬೆಳೆಸುವ ಆಸೆಯಿದ್ದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಹಿಮಾಚಲದ ಸೋಲನ್‌ನಲ್ಲಿರುವ ಅಣಬೆ ಸಂಶೋಧನಾ ಸಂಸ್ಥೆಗಳಲ್ಲಿ ಮಾಹಿತಿ ಸಿಗುತ್ತದೆ.

ನಮ್ಮ ಭಟ್ಟರು ಮಾಡುವ ಗಸಿಯ ಅಳತೆ ಇಲ್ಲಿದೆ. ಸುಮಾರು 40 ಪ್ಲೇಟಿಗೆ:

ಹಾಲು ಅಣಬೆ 5 ಕಿಲೋ, ತೆಂಗಿನಕಾಯಿ 6, ಬ್ಯಾಡಗಿ ಮೆಣಸು 150 ಗ್ರಾಂ, ಕೊತ್ತಂಬರಿ 75 ಗ್ರಾಂ, ಜೀರಿಗೆ 20 ಗ್ರಾಂ, ಕಾಳುಮೆಣಸು 15 ಗ್ರಾಂ, ಮೆಂತೆ 8 ಗ್ರಾಂ, ಬೆಳ್ಳುಳ್ಳಿ 75 ಗ್ರಾಂ, ಈರುಳ್ಳಿ ಒಂದೂವರೆ ಕಿಲೋ, ಹುಣಸೆಹುಳಿ ದೊಡ್ಡ ಲಿಂಬೆ ಗಾತ್ರದ್ದು, ತೆಂಗಿನೆಣ್ಣೆ 200 ಮಿಲಿ, ಅರಿಸಿನ, ಉಪ್ಪು, ಕರಿಬೇವು.

ಅಣಬೆಯನ್ನು ಕತ್ತಿಯಿಂದ ಸಣ್ಣ ತುಂಡು ಮಾಡಬೇಡಿ. ಕೈಯಿಂದ ಉದ್ದುದ್ದ ಸಿಗಿಯಿರಿ, ಊರಿನಲ್ಲಿ ಹಾಗೆಯೇ ಮಾಡುವುದು. ಮಸಾಲೆ ಸಾಮಾನು ಬೇರೆ ಬೇರೆ ಹುರಿದು, ನಾಲ್ಕು ಕಾಯಿಯ ತುರಿಯೊಂದಿಗೆ ನುಣ್ಣಗೆ ರುಬ್ಬಿ. ಉಳಿದ ಎರಡು ಕಾಯಿಯ ಹಾಲು ತೆಗೆದಿಡಿ. ಎಣ್ಣೆಯಲ್ಲಿ ಈರುಳ್ಳಿ, ಕರಿಬೇವು ಬಾಡಿಸಿ ಅಣಬೆ, ಅರಿಸಿನ, ಉಪ್ಪು ಹಾಕಿ ದೊಡ್ಡ ಉರಿಯಲ್ಲಿ ಅದರ ನೀರು ಬಿಟ್ಟು ಅರ್ಧ ಇಂಗುವವರೆಗೆ ಬೇಯಿಸಿ. ಆ ನೀರನ್ನು ಚೆಲ್ಲಬೇಡಿ, ರುಚಿ ಇರುವುದು ಅದರಲ್ಲಿ. ಆಮೇಲೆ ಮಸಾಲೆ, ಹುಳಿ ಹಾಕಿ ಕುದಿಸಿ, ಕೊನೆಗೆ ಕಾಯಿಹಾಲು ಸೇರಿಸಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಬೆಳ್ಳುಳ್ಳಿ ಒಗ್ಗರಣೆ ಮೇಲಿಂದ. ನೀರುದೋಸೆಗೂ ಸೇಮಿಗೆಗೂ ಹೊಂದುತ್ತದೆ.

ಮೆನುವಿನಲ್ಲಿ "ಅಳಂಬೆ ಗಸಿ" ಎಂದು ಬರೆಯಿರಿ. "ಕಾಡಿನ ಅಳಂಬೆ" ಎಂದು ಬರೆಯಬೇಡಿ, ಅದು ಸುಳ್ಳು. ಕೇಳಿದವರಿಗೆ ಬೆಳೆಸಿದ್ದು ಎಂದು ನೇರವಾಗಿ ಹೇಳಿ, ಏಕೆ ಎಂದೂ ಹೇಳಿ. ಹೆಚ್ಚಿನವರು ತಲೆಯಾಡಿಸಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಅನಾಹುತವಾದರೆ

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂದಾಗಬಾರದು. ನಿಮ್ಮ ಹುಡುಗರಲ್ಲೋ, ಮನೆಯಲ್ಲೋ, ನೆರೆಹೊರೆಯಲ್ಲೋ ಯಾರಾದರೂ ಕಾಡು ಅಣಬೆ ತಿಂದು ಅಸ್ವಸ್ಥರಾದರೆ:

1. ಮನೆಮದ್ದು ಮಾಡುತ್ತ ಕೂರಬೇಡಿ. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

2. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂದು ಬರೆದುಕೊಳ್ಳಿ. ನಡುವೆ 6 ಗಂಟೆಗಿಂತ ಹೆಚ್ಚಾಗಿದ್ದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಿ. 6 ಗಂಟೆಗಿಂತ ಬೇಗ ಶುರುವಾದರೂ ಅಲಕ್ಷ್ಯ ಬೇಡ, ಎರಡು ಜಾತಿ ಬೆರೆತಿರಬಹುದು.

3. ಉಳಿದ ಅಣಬೆ, ಉಳಿದ ಪದಾರ್ಥ, ಕಸದಲ್ಲಿ ಬಿದ್ದ ಬುಡ, ಎಲ್ಲವನ್ನೂ ಕಾಗದದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ.

4. ಜೊತೆಗೆ ತಿಂದವರೆಲ್ಲರನ್ನೂ ಕರೆದೊಯ್ಯಿರಿ, ಅವರಿಗೆ ಏನೂ ಆಗಿಲ್ಲದಿದ್ದರೂ.

5. ಎರಡನೆಯ ದಿನ ಹುಷಾರಾದಂತೆ ಕಂಡರೂ ಡಾಕ್ಟರು ಹೇಳದೆ ಮನೆಗೆ ಕರೆತರಬೇಡಿ. ಪಿತ್ತಜನಕಾಂಗದ ರಕ್ತ ಪರೀಕ್ಷೆ ಮತ್ತೆ ಮತ್ತೆ ಆಗಬೇಕು.

6. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಡಾಕ್ಟರುಗಳು ಅಲ್ಲಿಂದ ಸಲಹೆ ಕೇಳಬಹುದು.

ಸ್ಟೋರ್ ರೂಮಿನ ಗೋಡೆಗೆ

ಈ ನಾಲ್ಕು ಸಾಲನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ಸ್ಟೋರ್ ರೂಮಿನ ಬಾಗಿಲಿಗೆ ಅಂಟಿಸಿ:

ಬಿಲ್ಲಿಲ್ಲದ ಅಣಬೆ ಒಳಗೆ ಬರಬಾರದು.
ಗಿರಾಕಿ ತಂದ ಅಣಬೆ ಬೇಯಿಸಬಾರದು.
ಹೊರಗಿನಿಂದ ಆರಿಸಿ ತಂದ ಅಣಬೆಯನ್ನು ಹುಡುಗರೂ ಈ ಒಲೆಯಲ್ಲಿ ಬೇಯಿಸಬಾರದು.
ಸಂಶಯ ಬಂದರೆ ಎಸೆಯಬೇಕು, ಕೇಳುವವರು ಯಾರೂ ಇಲ್ಲ.

ಊರಿಗೆ ಹೋದಾಗ, ಮಳೆ ಹನಿಯುವ ಬೆಳಗ್ಗೆ, ಬಲ್ಲ ಹಿರಿಯರ ಹಿಂದೆ ಗುಡ್ಡ ಹತ್ತಿ. ಮಕ್ಕಳನ್ನೂ ಕರೆದೊಯ್ಯಿರಿ. ಹುತ್ತ ತೋರಿಸಿ, ಬುಡ ತೋರಿಸಿ, ಮೊನೆ ತೋರಿಸಿ. ಅಲ್ಲಿ, ಅವರ ಕೈಯ ಅಡುಗೆಯನ್ನು, ಅವರ ಪಂಕ್ತಿಯಲ್ಲೇ ಕುಳಿತು ಉಣ್ಣಿ. ಆ ವಿದ್ಯೆ ಗೊತ್ತಿರುವ ಅಜ್ಜಿಯಂದಿರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಈ ವಿಷಯದಲ್ಲಿ ಸದಸ್ಯ ಮಿತ್ರರಿಗೆ ಬೇರೆ ಅನುಭವ ಇದ್ದರೆ ಸಂಘದ ಕಚೇರಿಗೆ ಬರೆದು ತಿಳಿಸಿ. ಮುಂದಿನ ಮಾಸಿಕ ಸಭೆಯಲ್ಲಿ ಹಿಂದಿ ಸೂಚನಾಪತ್ರದ ಪ್ರತಿಗಳನ್ನು ಹಂಚುವ ವ್ಯವಸ್ಥೆ ಮಾಡೋಣ.